ದೊಡ್ಡಮ್ಮನ ಅರ್ಧ ಪಾಸ್‌ವರ್ಡ್

ನನ್ನ ದೊಡ್ಡಮ್ಮನ ಬಗ್ಗೆ ಬರೆಯುತ್ತೇನೆ ಅಂದಾಗ ಅಮ್ಮ ಮೊದಲು ಕೇಳಿದ್ದು, "ಅವಳ ಪರ್ಮಿಷನ್ ತಗೊಂಡ್ಯಾ?" ಅಂತ. ತಗೊಂಡೆ. ದೊಡ್ಡಮ್ಮ ಹಲ್ಲುಜ್ಜುತ್ತಿದ್ದವಳು ಬಾಯಿಯಲ್ಲಿ ಬ್ರಷ್ ಇಟ್ಟುಕೊಂಡೇ, "ಬರಿ. ಆದ್ರೆ 'ಪಾಪ' ಅನ್ನೋ ಪದ ಒಂದು ಕಡೆ ಬಂತೋ, ನಿನ್ನ ಫೋನು ನೀರಿನ ಟ್ಯಾಂಕಲ್ಲಿರುತ್ತೆ" ಅಂದಳು. ಅವಳು ಹೇಳಿದ್ದನ್ನು ಮಾಡುವವಳು. ನಮ್ಮ ಚಿಕ್ಕಪ್ಪನ ವಾಚು ಆ ಟ್ಯಾಂಕಿನಲ್ಲಿ ಎರಡು ತಿಂಗಳು ಇತ್ತು.

ದೊಡ್ಡಮ್ಮನಿಗೆ ಐವತ್ನಾಲ್ಕು ವರ್ಷ. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಬ್ರೈಲ್ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಅಂದರೆ ನಾವು ಓದುವ ಪುಸ್ತಕಗಳನ್ನು ಬೆರಳಿನಿಂದ ಓದುವ ಚುಕ್ಕಿಗಳ ಪುಸ್ತಕವಾಗಿ ಮಾಡುವುದು. ಅಲ್ಲಿ ಅವಳ ಜೊತೆ ಕೆಲಸ ಮಾಡಿದ ಪ್ರೂಫ್ ರೀಡರುಗಳಲ್ಲಿ ಆರು ಜನ ಬಿಟ್ಟುಹೋಗಿದ್ದಾರೆ, ಏಳನೆಯವರು ಈಗ ಬೇರೆ ರೂಮಿನಲ್ಲಿ ಕೂತು ಗೋಡೆಯ ಕಿಟಕಿಯಿಂದ ಹಾಳೆ ಕೊಡುತ್ತಾರೆ. ಅವಳು ಬೈಯುವಾಗ ದನಿ ಏರಿಸುವುದೇ ಇಲ್ಲ. ಹಾಲು ತಂದಿಟ್ಟೆ ಅನ್ನುವಷ್ಟು ಸಲೀಸಾಗಿ, "ನಿಮ್ಮ ಬೆರಳು ಚಪ್ಪಲಿ ಹಾಕ್ಕೊಂಡು ಓದುತ್ತೇನ್ರೀ?" ಅಂತ ಕೇಳುತ್ತಾಳೆ, ಎದುರಿಗಿದ್ದವರ ಬಾಯಿ ಬಂದ್.

ಇಷ್ಟೊಂದು ಸಿಟ್ಟಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತಾಗಿದ್ದು ಈ ವರ್ಷ. ಶಾಲೆಯಲ್ಲಿ ಜ್ಯಾಮಿತಿ ಪಾಠ ಬಂದಾಗಲೆಲ್ಲ ಮೇಷ್ಟ್ರು ಅವಳನ್ನು ಹೊರಗೆ ಕಳಿಸುತ್ತಿದ್ದರಂತೆ. "ನಿನಗಿದು ಬೇಡಮ್ಮ, ಹೊರಗೆ ಗಾಳಿಗೆ ಕೂತ್ಕೋ." ಪರೀಕ್ಷೆಯಲ್ಲಿ ಜ್ಯಾಮಿತಿಯ ಪ್ರಶ್ನೆಗಳಿಗೆ ವಿನಾಯಿತಿ ಕೊಟ್ಟು, ಉಳಿದ ಪ್ರಶ್ನೆಗಳ ಲೆಕ್ಕದಲ್ಲಿ ಸರಾಸರಿ ಮಾರ್ಕ್ಸ್ ಹಾಕುತ್ತಿದ್ದರಂತೆ. ಅವಳು ಪಾಸಾದಳು. ತ್ರಿಕೋನ ಅಂದರೆ ಏನು ಅಂತ ಗೊತ್ತಿಲ್ಲದೆ ಫಸ್ಟ್ ಕ್ಲಾಸಲ್ಲಿ ಪಾಸಾದಳು! ಇದನ್ನು ಹೇಳುವಾಗ ಅವಳು ಕೈಯಲ್ಲಿದ್ದ ಚಮಚವನ್ನು ಬಗ್ಗಿಸಿಬಿಟ್ಟಿದ್ದಳು.

ಐವತ್ತನೇ ವಯಸ್ಸಿನಲ್ಲಿ ಅವಳು ಬೆಂಕಿಕಡ್ಡಿ, ದಾರ, ಬಳೆ, ಇಸ್ತ್ರಿ ಪೆಟ್ಟಿಗೆಯ ಮೂತಿ, ಇಷ್ಟನ್ನು ಇಟ್ಟುಕೊಂಡು ತಾನೇ ಜ್ಯಾಮಿತಿ ಕಲಿತಳು. ಆಮೇಲೆ ಹದಿನಾಲ್ಕು ತಿಂಗಳು ಕೂತು ಹೈಸ್ಕೂಲಿನ ಇಡೀ ಜ್ಯಾಮಿತಿ ಪುಸ್ತಕವನ್ನು ಚುಕ್ಕಿಗೆ ಇಳಿಸಿದಳು. ಅದರಲ್ಲಿ ಇನ್ನೂರ ಹದಿನಾಲ್ಕು ಚಿತ್ರಗಳು. ಒಂದೊಂದು ಗೆರೆಯೂ ಬೆರಳಿಗೆ ಸಿಗಬೇಕು, ಪಕ್ಕದ ಗೆರೆಗೆ ಅಂಟಬಾರದು, ಕೋನದ ಹೆಸರು ಕೋನದ ಒಳಗೇ ಕೂರಬೇಕು. ಅಂಧ ಮಕ್ಕಳ ಶಾಲೆಯಲ್ಲಿ ಈ ಸಲ ಹನ್ನೊಂದು ಮಕ್ಕಳು ಪರೀಕ್ಷೆಗೆ ಕೂರುವವರಿದ್ದರು. ಹೆಡ್‌ಮಾಸ್ಟರ್ ಫೋನ್ ಮಾಡಿ ಖಡಕ್ಕಾಗಿ ಹೇಳಿದ್ದರು: "ಸೋಮವಾರ ಬೆಳಿಗ್ಗೆ ಪುಸ್ತಕ ನನ್ನ ಟೇಬಲ್ ಮೇಲಿದ್ರೆ ಸರಿ, ಇಲ್ಲಾಂದ್ರೆ ಹನ್ನೊಂದಕ್ಕೂ ವಿನಾಯಿತಿ ಫಾರಂಗೆ ಸೈನ್ ಹಾಕ್ತೀನಿ. ನಂಗೂ ಕಡೇ ದಿನ ಅದೇ."

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡಮ್ಮನ ಕಂಪ್ಯೂಟರ್ ಸತ್ತಿತು.

ಸಾಯಿಸಿದ್ದು ಹೆಡ್ ಆಫೀಸಿನ ಅಪ್‌ಡೇಟ್. ಯಾರನ್ನೂ ಕೇಳದೆ ಶುರುವಾಯಿತು, ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಅದು ಏಳುತ್ತದೆ, ಲೋಗೋ ತೋರಿಸುತ್ತದೆ, ಮತ್ತೆ ಮಲಗುತ್ತದೆ. ಇಂಥ ಕಾಯಿಲೆಗೆ ರಿಕವರಿ ಮೋಡ್ ಅಂತ ಒಂದಿರುತ್ತದೆ. ಕಂಪ್ಯೂಟರನ್ನು ಹಿಂಬಾಗಿಲಿಂದ ಎಬ್ಬಿಸಿ, ಅರ್ಧ ನುಂಗಿದ ಅಪ್‌ಡೇಟನ್ನು ಕಕ್ಕಿಸಿದರೆ ಮುಗಿಯಿತು, ಹಳೆಯ ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಆದರೆ ದೊಡ್ಡಮ್ಮನ ಕಂಪ್ಯೂಟರಿನ ಹಿಂಬಾಗಿಲಿಗೇ ಬೀಗ. ಪ್ರೆಸ್ಸಿನ ವಾಚ್‌ಮನ್‌ನಿಂದ ಓದಿಸಿದಳು. ಸ್ಕ್ರೀನ್ ಮೇಲೆ ಹೀಗಿತ್ತಂತೆ: ಈ ಯಂತ್ರದ ಸೆಕ್ಯುರಿಟಿ ಪಾಲಿಸಿ ರಿಕವರಿ ಮೋಡ್‌ಗೆ ಅನುಮತಿ ಕೊಡುವುದಿಲ್ಲ, ಅಧಿಕಾರ ಇರುವವರು ಪಾಸ್‌ವರ್ಡ್ ಹಾಕಬೇಕು.

ಮನೆಗೆ ಬಂದವಳೇ ಸ್ಪೀಕರ್ ಹಾಕಿ ಹೆಡ್ ಆಫೀಸಿಗೆ ಫೋನ್ ಮಾಡಿದಳು. ಅಲ್ಲಿ ಕಂಪ್ಯೂಟರ್ ಸೆಕ್ಷನ್ ನೋಡಿಕೊಳ್ಳುವವರನ್ನು ಅವಳು ಪಾಲಿಸಿ ಸಾಹೇಬ ಅಂತಲೇ ಕರೆಯುವುದು. ನಮ್ಮ ಮನೆಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ.

"ಟಿಕೆಟ್ ಹಾಕಿ ಮೇಡಂ," ಅಂದರು ಪಾಲಿಸಿ ಸಾಹೇಬರು. ಅವರ ಭಾಷೆಯಲ್ಲಿ ಟಿಕೆಟ್ ಅಂದರೆ ಕಂಪ್ಯೂಟರಿನಲ್ಲೇ ಕಳಿಸುವ ದೂರಿನ ಅರ್ಜಿ.

"ಎಲ್ಲಿಂದ ಹಾಕ್ಲಿ?"

"ನಿಮ್ಮ ಮೆಷಿನ್‌ನಿಂದ. ಯಾವ ಮೆಷಿನ್ ಕೆಟ್ಟಿದ್ಯೋ ಅದ್ರಿಂದ್ಲೇ ಬರಬೇಕು, ಪಾಲಿಸಿ."

"ಸತ್ತೋನೇ ಬಂದು ಸತ್ತೆ ಅಂತ ಅರ್ಜಿ ಬರೀಬೇಕು. ಚೆನ್ನಾಗಿದೆ."

"ರೂಲ್ಸ್ ನಾನು ಮಾಡಿಲ್ಲ."

"ಮತ್ಯಾರು, ನಿಮ್ಮತ್ತೆ ಮಾಡಿದ್ರಾ?"

ನಾನು ಪಕ್ಕದಲ್ಲೇ ಇದ್ದೆ, ನಗು ತಡೆಯಲಾಗದೆ ದಿಂಬು ಕಚ್ಚಿಕೊಂಡೆ. ಅರ್ಧ ಗಂಟೆ ಜಗಳ ಆಡಿ ಕೊನೆಗೆ ಅವರು ಶನಿವಾರ ಬರಲು ಒಪ್ಪಿದರು. ಆದರೆ ಒಂದು ಮಾತು ಸೇರಿಸಿದರು: ಸಂಜೆ ಐದರೊಳಗೆ ರಿಕವರಿ ಆಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಸಿಸ್ಟಮ್ ಹಾಕುತ್ತಾರಂತೆ, ಪ್ರೆಸ್ಸಿನ ಬೇರೆ ಕೆಲಸ ನಿಲ್ಲುವ ಹಾಗಿಲ್ಲವಂತೆ. ಎಲ್ಲ ಅಳಿಸಿ ಅಂದರೆ ಇನ್ನೂರ ಹದಿನಾಲ್ಕು ಚಿತ್ರ ಸಮೇತ.

"ಇನ್ನೊಂದು ಕಾಪಿ ಇಟ್ಟಿಲ್ವಾ ದೊಡ್ಡಮ್ಮ?" ಅಂತ ಕೇಳಿ ನಾನೇ ತಪ್ಪು ಮಾಡಿದೆ.

"ಪೆನ್ ಡ್ರೈವ್ ಹಾಕೋ ಬಾಯಿಗೆ ಬೀಗ ಹಾಕಿದ್ದಾನೆ. ಹೆಡ್ ಆಫೀಸ್ ಸರ್ವರ್‌ಗೆ ಕಳಿಸಿದ್ರೆ, ಗುರುತಿಲ್ಲದ ಫೈಲು ಅಂತ ವಾಪಸ್ ಉಗಿಯುತ್ತೆ. ಕಾಪಿನ ಎಲ್ಲಿ ಇಟ್ಕೊಳ್ಳಲಿ, ಸೀರೆ ಸೆರಗಲ್ಲಾ?"

ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿದ್ದು ಕಾಲು ಹಿಡಿದೆಳೆದು. "ಏಳೇ ಕಾನ್ವೆಂಟು, ನನ್ನ ಜೊತೆ ಬಾ. ರಿಕವರಿ ಮೋಡಲ್ಲಿ ಕಂಪ್ಯೂಟರ್ ಮಾತಾಡಲ್ಲ." ದಿನಾ ಅವಳ ಕಂಪ್ಯೂಟರ್ ಸ್ಕ್ರೀನಿನಲ್ಲಿ ಇದ್ದದ್ದನ್ನು ಓದಿ ಹೇಳುತ್ತದೆ, ಆ ಮೋಡಿನಲ್ಲಿ ಮಾತ್ರ ಮೂಗ. "ಅವನು ಓದಿ ಹೇಳ್ತಾನೆ, ನಾನು ನಂಬಬೇಕು. ನಂಬಲ್ಲ. ನೀನು ಓದು. ನೀನು ನನಗೆ ಸಾಕ್ಷಿ."

ನಾನು ಈ ಪ್ರೆಸ್ಸಿಗೆ ಹೋದದ್ದು ಅದೇ ಮೊದಲು! ಹಳೆಯ ಗೋಡೌನಿನಂಥ ಎತ್ತರದ ರೂಮು, ಗೋಡೆಯುದ್ದಕ್ಕೂ ದಪ್ಪ ಹಾಳೆಯ ಪೆಟ್ಟಿಗೆಗಳು, ಕಿಟಕಿ ಹತ್ತಿರ ದೊಡ್ಡಮ್ಮನ ಟೇಬಲ್. ನಡುವೆ ಚುಕ್ಕಿ ಮೆಷಿನ್, ಫ್ರಿಜ್ಜನ್ನು ಅಡ್ಡ ಮಲಗಿಸಿದಷ್ಟು ದೊಡ್ಡದು. ಕಂಪ್ಯೂಟರಿಂದ ಫೈಲ್ ಬಂದರೆ ಅದರೊಳಗಿನ ಸುತ್ತಿಗೆಗಳು ಹಾಳೆಗೆ ಚುಕ್ಕಿ ಕುಟ್ಟುತ್ತವೆ. ಅದು ಓಡುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳಿಸುವುದಿಲ್ಲವಂತೆ. ದೊಡ್ಡಮ್ಮ ಒಳಗೆ ಬಂದವಳೇ ಕೋಲು ಮೂಲೆಗಿಟ್ಟು, ಟೇಬಲ್ ಮೇಲೆ ಕೈಯಾಡಿಸಿ, "ಸ್ಟೇಪ್ಲರ್ ಯಾರು ಮುಟ್ಟಿದ್ದು?" ಅಂದಳು. ರೂಮಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ, ಅಂದರೆ ಅವಳ ಲೆಕ್ಕದಲ್ಲಿ ಯಾರೋ ಬಂದು ಹೋಗಿದ್ದಾರೆ.

ಯಾರು ಅಂತ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಪಾಲಿಸಿ ಸಾಹೇಬರು ಕ್ಯಾಂಟೀನಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದರು. ನಲವತ್ತೈದರ ಆಸುಪಾಸು, ತೋಳಿನ ಗುಂಡಿ ಹಾಕಿದ ಶರ್ಟು, ಕುತ್ತಿಗೆಗೆ ಐಡಿ ಕಾರ್ಡು, ರಜಾದಿನದಲ್ಲೂ.

"ನಮಸ್ಕಾರ ಮೇಡಂ."

"ನಮಸ್ಕಾರ ಆಮೇಲೆ. ಮೆಷಿನ್ ಆನ್ ಮಾಡಿ."

ಇವರಿಬ್ಬರ ನಡುವೆ ಆದದ್ದನ್ನು ಇಲ್ಲಿ ಹೇಳಿಬಿಡಬೇಕು. ನಾಲ್ಕು ವರ್ಷದ ಹಿಂದೆ ಪಾಲಿಸಿ ಸಾಹೇಬರು ಪ್ರೆಸ್ಸಿನ ಕಂಪ್ಯೂಟರುಗಳನ್ನು ಕ್ಲೀನ್ ಮಾಡಲು ಬಂದಿದ್ದರು. ದೊಡ್ಡಮ್ಮನ ಫೈಲೊಂದನ್ನು ತೆರೆದು ನೋಡಿದರು. ಬ್ರೈಲ್ ಫೈಲು ಕಣ್ಣಿಗೆ ಕಾಣುವುದು ವಿಚಿತ್ರವಾಗಿ: ಒಂದು ಬಾಣದ ತಲೆ, ಒಂದು ಪ್ರಶ್ನೆ ಚಿಹ್ನೆ, ಕಾಮಾ, ಬಿಡಿಬಿಡಿ ಎರಡು ಇಂಗ್ಲಿಷ್ ಅಕ್ಷರ, ಮತ್ತೆ ಬಾಣ. ಚುಕ್ಕಿಯ ಒಂದೊಂದು ಗುಂಪಿಗೂ ಒಂದೊಂದು ಗುರುತು. ಪಾಲಿಸಿ ಸಾಹೇಬರು ಅದನ್ನು ವೈರಸ್ ತಿಂದ ಫೈಲು ಅಂದುಕೊಂಡರು. ಅಂಥವು ನಾನೂರು ಇದ್ದವು. ನಾನೂರನ್ನೂ ಅಳಿಸಿದರು. ಏಳನೇ ಕ್ಲಾಸಿನ ವಿಜ್ಞಾನ ಪುಸ್ತಕ ಪೂರ್ತಿ ಹೋಯಿತು. ದೊಡ್ಡಮ್ಮ ಅವತ್ತು ಹೆಡ್ ಆಫೀಸಿಗೆ ಹೋಗಿ ಎಲ್ಲರ ಎದುರು ಅವರ ಕೈಗೆ ಒಂದು ಪೊರಕೆ ಕೊಟ್ಟು ಬಂದಳು. ಡೈರೆಕ್ಟರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರು. ರಾಜಿ ಅಂದರೆ ಒಂದು ಪಾಲಿಸಿ: ಇನ್ನು ಮುಂದೆ ದೊಡ್ಡಮ್ಮನ ಕಂಪ್ಯೂಟರಿನ ಹಿಂಬಾಗಿಲು ತೆರೆಯಲು ಇಬ್ಬರೂ ಬೇಕು. ಪಾಸ್‌ವರ್ಡಿನ ಮೊದಲರ್ಧ ಪಾಲಿಸಿ ಸಾಹೇಬರದು, ಎರಡನೇ ಅರ್ಧ ದೊಡ್ಡಮ್ಮನದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಬಾರದು. ಐದು ಸಲ ತಪ್ಪಾದರೆ ಬೀಗ ಶಾಶ್ವತ, ಆಮೇಲೆ ಅಳಿಸುವುದೊಂದೇ ದಾರಿ. ಅವತ್ತಿನಿಂದ ಇವತ್ತಿನವರೆಗೆ ಆ ಪಾಸ್‌ವರ್ಡ್ ಬೇಕಾಗಿರಲಿಲ್ಲ.

ಅವರು ಮೆಷಿನ್ ಆನ್ ಮಾಡಿ ಗುಂಡಿ ಒತ್ತಿ ಹಿಡಿದರು. ಕಪ್ಪು ಸ್ಕ್ರೀನ್, ಬಿಳಿ ಅಕ್ಷರ. ನಾನು ಜೋರಾಗಿ ಓದಿದೆ, ನನ್ನ ಕೆಲಸ ಅಲ್ಲವೇ! "ಸೆಕ್ಯುರಿಟಿ ಪಾಲಿಸಿ ಅನುಮತಿ ಕೊಡುವುದಿಲ್ಲ. ಪಾಸ್‌ವರ್ಡ್ ಹಾಕಿ. ನಾಲ್ಕು ಅವಕಾಶ ಉಳಿದಿದೆ."

"ಎಷ್ಟು?"

"ನಾಲ್ಕು."

"ಐದಿರಬೇಕು."

ಪಾಲಿಸಿ ಸಾಹೇಬರು ಐಡಿ ಕಾರ್ಡನ್ನು ತಿರುಗಿಸಿ ನೋಡತೊಡಗಿದರು, ತಮ್ಮ ಫೋಟೋ ಇದೆಯೋ ಇಲ್ಲವೋ ಅಂತ ಡೌಟು ಬಂದವರ ಹಾಗೆ.

"ಬೆಳಿಗ್ಗೆ ಬಂದು ಒಂದು ಸಲ ನೋಡಿದ್ರಾ?" ದೊಡ್ಡಮ್ಮನ ದನಿ ಇನ್ನೂ ಮೆತ್ತಗಾಯಿತು.

"ನಿಮಗೆ ತೊಂದ್ರೆ ಬೇಡ ಅಂತ... ನೀವ್ಯಾಕೆ ಶನಿವಾರ ಬರ್ಬೇಕು ಅಂತ..."

"ನನ್ನ ಅರ್ಧಕ್ಕೆ ಏನು ಹಾಕಿದ್ರಿ?"

"ಹುಟ್ಟಿದ ತಾರೀಖು."

"ಯಾರ್ದು?"

"ನಿಮ್ದು. ಸರ್ವಿಸ್ ರಿಜಿಸ್ಟರಲ್ಲಿತ್ತು."

"ನನ್ನ ಸ್ಟೇಪ್ಲರನ್ನೂ ಮುಟ್ಟಿದ್ರಿ, ನನ್ನ ಜಾತಕಾನೂ ತೆಗೆದ್ರಿ. ಹುಟ್ಟಿದ ತಾರೀಖನ್ನೇ ಪಾಸ್‌ವರ್ಡ್ ಮಾಡೋ ಬುದ್ಧಿ ನಿಮ್ಮಂಥೋರಿಗಿರುತ್ತೆ ಸಾಹೇಬ್ರೆ, ಎಲ್ರಿಗೂ ಇರಲ್ಲ. ಒಂದು ಅವಕಾಶ ನುಂಗಿದ್ರಿ. ಕೂತ್ಕೊಳ್ಳಿ. ನಿಮ್ಮ ಅರ್ಧ ಹಾಕಿ."

ಅವರು ನಮ್ಮಿಬ್ಬರಿಗೂ ಆ ಕಡೆ ತಿರುಗಲು ಹೇಳಿದರು. ದೊಡ್ಡಮ್ಮನಿಗೂ! "ನಾನು ತಿರುಗಿ ಏನು ಪ್ರಯೋಜನ?" ಅಂದರೆ "ಕೀ ಸದ್ದು ಕೇಳಿಸ್ಕೋತೀರ, ಗೊತ್ತು ನಂಗೆ" ಅಂದರು. ಎಂಟು ಸಲ ಟಕ್ ಟಕ್ ಆಯಿತು. ಆಮೇಲೆ ದೊಡ್ಡಮ್ಮ ಕೂತಳು, ನಮ್ಮಿಬ್ಬರನ್ನೂ ಗೋಡೆಗೆ ತಿರುಗಿಸಿದಳು, ಒತ್ತಿದಳು, ಎಂಟರ್ ಹೊಡೆದಳು.

"ಪಾಸ್‌ವರ್ಡ್ ತಪ್ಪು. ಮೂರು ಅವಕಾಶ ಉಳಿದಿದೆ," ಅಂತ ಓದಿದೆ.

"ನೀವು ನಿಮ್ಮದನ್ನ ಮರ್ತಿದೀರ," ಅಂದಳು ದೊಡ್ಡಮ್ಮ.

"ನಾನು ಮರೆಯಲ್ಲ ಮೇಡಂ. ಬೇಕಿದ್ರೆ ಮಗಳ ಹೆಸ್ರು ಮರ್ತೇನು, ಪಾಸ್‌ವರ್ಡ್ ಮರೆಯಲ್ಲ. ಮರ್ತಿರೋದು ನೀವು. ವಯಸ್ಸಾಯ್ತು."

"ವಯಸ್ಸು ಆಗಿದ್ದಕ್ಕೇ ನಿಮ್ಮ ಹಲ್ಲಿನ್ನೂ ಬಾಯಲ್ಲಿದೆ. ಇಪ್ಪತ್ತರಲ್ಲಿ ಸಿಕ್ಕಿದ್ರೆ ಗೊತ್ತಾಗ್ತಿತ್ತು. ಮತ್ತೆ ಹಾಕಿ."

ಎರಡನೇ ಸಲ ತಪ್ಪು. ಎರಡು ಅವಕಾಶ ಉಳಿದವು. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಆಗುವುದಿಲ್ಲವಾ ಅಂತ ಮೆಲ್ಲಗೆ ಕೇಳಿದೆ. ಪಾಲಿಸಿ ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಾಲೇಜಲ್ಲಿ ಏನಮ್ಮ ಓದ್ತಿದೀಯ? ಡಿಸ್ಕ್ ಒಳಗಿರೋದೂ ಲಾಕ್ ಆಗಿದೆ. ಬೀಗ ಹಾಕಿದ ಪೆಟ್ಟಿಗೇನ ಬೇರೆ ಮನೆಗೆ ಹೊತ್ಕೊಂಡು ಹೋದ್ರೆ ಬೀಗ ಬಿದ್ದೋಗುತ್ತಾ?"

"ಅವಳನ್ನ ಬೈಬೇಡಿ," ಅಂದಳು ದೊಡ್ಡಮ್ಮ. "ಅವಳನ್ನ ಬೈಯೋಕೆ ನಾನಿದೀನಿ."

ಅವರು ಗಡಿಯಾರ ನೋಡಿದರು. "ಹನ್ನೆರಡೂವರೆ. ಸುಮ್ನೆ ಹಟ ಯಾಕೆ ಮೇಡಂ? ಈಗ್ಲೇ ಅಳಿಸಿ ಹೊಸದು ಹಾಕ್ಬಿಡ್ತೀನಿ. ಸೋಮವಾರದಿಂದ ಫ್ರೆಶ್ಶಾಗಿ ಶುರು ಮಾಡಿ. ಒಂದು ಪುಸ್ತಕ ತಾನೆ? ಆ ಮಕ್ಕಳಿಗೂ ಜ್ಯಾಮಿತಿ ತಗೊಂಡು ಏನಾಗ್ಬೇಕು ಹೇಳಿ. ವಿನಾಯಿತಿ ಇದೆಯಲ್ಲ."

ಅಯ್ಯೋ. ನಾನು ಕಣ್ಣು ಮುಚ್ಚಿಕೊಂಡೆ.

ದೊಡ್ಡಮ್ಮ ಎದ್ದಳು. ಟೇಬಲ್ ಮೇಲಿದ್ದ ಹಾಳೆಯೊಂದನ್ನು ಹುಡುಕಿ ತೆಗೆದಳು, ಹಿಂದಿನ ವಾರ ಟ್ರಯಲ್‌ಗೆ ಹೊಡೆದ ಒಂದೇ ಒಂದು ಚಿತ್ರ, ಪಾಲಿಸಿ ಸಾಹೇಬರ ಕೈ ಎಳೆದು ಅದರ ಮೇಲೆ ಒತ್ತಿ ಹಿಡಿದಳು. "ಕಣ್ಣು ಮುಚ್ಚಿ. ಮುಚ್ಚಿದ್ರೇನೇ?"

"ಮುಚ್ಚಿದಾರೆ," ಅಂದೆ.

"ಏನಿದೆ ಹೇಳಿ."

"ಕೈ ಬಿಡಿ ಮೇಡಂ... ರೌಂಡು?"

"ಚೌಕ. ಒಳಗಡೆ ವೃತ್ತ. ನಾಲ್ಕು ಕಡೆ ಮುಟ್ಟುತ್ತೆ, ಮುಟ್ಟೋ ಜಾಗದಲ್ಲಿ ಒಂದೊಂದು ಹೆಸರಿದೆ. ಆ ಅಂಧ ಮಕ್ಕಳ ಶಾಲೆಯಲ್ಲಿ ಹದಿಮೂರು ವರ್ಷದ ಹುಡುಗಿ ಹತ್ತು ಸೆಕೆಂಡಲ್ಲಿ ಹೇಳಿದ್ಲು. ನಿಮಗೆ ಅರ್ಧ ನಿಮಿಷಕ್ಕೆ ರೌಂಡು. ಯಾರಿಗೆ ವಿನಾಯಿತಿ ಕೊಡ್ಬೇಕು ಈಗ?"

ಅವರು ಕೈ ಕೊಡವಿಕೊಂಡು ಕೆಂಪಗಾದರು. "ಮೂರನೇ ಸಲ ಹಾಕ್ತೀನಿ. ತಪ್ಪಾದ್ರೆ ನನ್ನ ಜವಾಬ್ದಾರಿ ಅಲ್ಲ."

ಈ ಸಲ ನಾನು ಗೋಡೆಗೆ ತಿರುಗಿದ್ದರೂ, ಒಪ್ಪಿಕೊಳ್ಳುತ್ತೇನೆ, ಕಪಾಟಿನ ಗಾಜಿನಲ್ಲಿ ಸ್ಕ್ರೀನೂ ಕೂತವರ ಕೈಯೂ ಕಾಣುತ್ತಿದ್ದವು. ಸ್ಕ್ರೀನಿನಲ್ಲಿ ಅಕ್ಷರ ಕಾಣುವುದಿಲ್ಲ, ಒಂದು ಕೀ ಒತ್ತಿದರೆ ಒಂದು ನಕ್ಷತ್ರ ಬೀಳುತ್ತದೆ ಅಷ್ಟೆ. ಪಾಲಿಸಿ ಸಾಹೇಬರದು ಎಂಟು ನಕ್ಷತ್ರ. ಆಮೇಲೆ ದೊಡ್ಡಮ್ಮ ಕೂತಳು. ಅವಳು ಎರಡೂ ಕೈಯ ಮೂರು ಮೂರು ಬೆರಳನ್ನು ಕೀಬೋರ್ಡಿನ ನಡುಸಾಲಿನಲ್ಲಿಟ್ಟು, ಹಾರ್ಮೋನಿಯಂ ನುಡಿಸುವವರ ಹಾಗೆ ಹಲವು ಕೀಗಳನ್ನು ಒಟ್ಟಿಗೆ ಒತ್ತಿದಳು. ನಾಲ್ಕು ಸಲ. ಅವಳ ಪಾಲಿಗೇ ಬಿದ್ದ ನಕ್ಷತ್ರ ಹದಿಮೂರು!

ತಪ್ಪು. ಒಂದೇ ಅವಕಾಶ ಉಳಿದಿದೆ.

"ದೊಡ್ಡಮ್ಮ," ಅಂದೆ, "ನೀನು ಒತ್ತಿದ್ದು ನಾಲ್ಕು ಸಲ. ಬಿದ್ದಿದ್ದು ಹದಿಮೂರು."

"ತಿರುಗಿ ನೋಡಿದ್ಯಾ?"

"ಗಾಜಲ್ಲಿ ಕಾಣ್ತು."

ಬೈಗುಳ ಬರುತ್ತದೆ ಅಂತ ಕಾದೆ, ಬರಲಿಲ್ಲ. ಅವಳು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಲ್ಲಿನ ಹಾಗೆ ಕೂತಳು. ಆಮೇಲೆ ಹೇಳಿದಳು, ಬಹಳ ನಿಧಾನಕ್ಕೆ, "ನನ್ನ ತಪ್ಪು."

ಈ ಎರಡು ಪದ ಅವಳ ಬಾಯಿಂದ ಬಂದದ್ದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ನಂಬಿಲ್ಲ.

ಆದದ್ದು ಇಷ್ಟು. ದೊಡ್ಡಮ್ಮ ಕಂಪ್ಯೂಟರಿನಲ್ಲಿ ನಮ್ಮ ಹಾಗೆ ಒಂದೊಂದೇ ಅಕ್ಷರ ಒತ್ತುವುದಿಲ್ಲ. ಬ್ರೈಲಿನಲ್ಲಿ ಒಂದು ಅಕ್ಷರಕ್ಕೆ ಹೆಚ್ಚೆಂದರೆ ಆರು ಚುಕ್ಕಿ, ಆದ್ದರಿಂದ ಅವಳಿಗೆ ಆರೇ ಕೀ ಸಾಕು, ಬೇಕಾದ ಚುಕ್ಕಿಗಳನ್ನು ಒಟ್ಟಿಗೆ ಒತ್ತುತ್ತಾಳೆ, ಒಂದು ಪುಟ್ಟ ಪ್ರೋಗ್ರಾಂ ಅದನ್ನೆಲ್ಲ ಸೇರಿಸಿ ಒಂದು ಗುರುತು ಮಾಡುತ್ತದೆ. ನಾಲ್ಕು ವರ್ಷದ ಹಿಂದೆ ಪಾಸ್‌ವರ್ಡ್ ಇಟ್ಟಾಗ ಆ ಪ್ರೋಗ್ರಾಂ ಓಡುತ್ತಿತ್ತು, ಒಳಗೆ ಹೋಗಿದ್ದು ನಾಲ್ಕು ಗುರುತು. ಈ ಹಿಂಬಾಗಿಲಿನಲ್ಲಿ ಆ ಪ್ರೋಗ್ರಾಂ ಇಲ್ಲ. ಆರು ಕೀ ಇಲ್ಲಿ ಬರೀ ಆರು ಇಂಗ್ಲಿಷ್ ಅಕ್ಷರ. ಕಂಪ್ಯೂಟರ್ ಮಾತೂ ಆಡದ್ದರಿಂದ ಅವಳಿಗೆ ಗೊತ್ತಾಗಲೇ ಇಲ್ಲ, ಬೆರಳು ತನ್ನ ಪಾಡಿಗೆ ಅಭ್ಯಾಸದ ದಾರಿ ಹಿಡಿಯಿತು.

"ಆ ನಾಲ್ಕು ಗುರುತು ಯಾವ್ದು ಅಂತ ಗೊತ್ತಾದ್ರೆ ಮಾಮೂಲಿ ಕೀಲೇ ಹಾಕ್ಬಹುದು," ಅಂದರು ಪಾಲಿಸಿ ಸಾಹೇಬರು. ಅವರ ಮುಖದಲ್ಲಿ ದೀಪ ಹತ್ತಿತ್ತು. "ಯಾವ್ದು ಹೇಳಿ?"

"ನಂಗೆ ಚುಕ್ಕಿ ಗೊತ್ತು. ಆ ಚುಕ್ಕಿ ನಿಮ್ಮ ಕಣ್ಣಿಗೆ ಬಾಣವೋ ಬೂದುಗುಂಬಳವೋ ನಂಗ್ಯಾಕೆ ಗೊತ್ತಿರ್ಬೇಕು? ಚುಕ್ಕಿ ಮೆಷಿನ್‌ನ ಪುಸ್ತಕದಲ್ಲಿ ಕೊನೇಲಿ ಪಟ್ಟಿ ಇದೆ. ಕಾನ್ವೆಂಟು, ಹುಡುಕು."

ಮೆಷಿನ್ ಕೆಳಗಿದ್ದ ಡ್ರಾಯರಿನಲ್ಲಿ ಪುಸ್ತಕ ಸಿಕ್ಕಿತು. ಕೊನೆಯ ಪುಟದಲ್ಲಿ ಅರವತ್ತನಾಲ್ಕು ಮನೆಗಳ ಪಟ್ಟಿ, ಒಂದು ಕಡೆ ಚುಕ್ಕಿ, ಪಕ್ಕದಲ್ಲಿ ಗುರುತು. ಈಗ ದೊಡ್ಡಮ್ಮ ಚುಕ್ಕಿಗಳ ನಂಬರು ಹೇಳಬೇಕು, ನಾನು ಗುರುತು ನೋಡಬೇಕು. ಅಂದರೆ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳಬೇಕು.

"ನೀವು ಆಚೆ ಹೋಗಿ," ಅಂದಳು ಅವರಿಗೆ.

"ಹೋಗೋ ಹಾಗಿಲ್ಲ. ಶುರು ಮಾಡಿದ್ಮೇಲೆ ಇಬ್ರೂ ರೂಮಲ್ಲೇ ಇರ್ಬೇಕು, ಪಾಲಿಸಿ. ನೀವೇ ಸೈನ್ ಹಾಕಿದೀರ."

"ಹಾಗಾದ್ರೆ ಕಿವಿ ಮುಚ್ಕೊಳ್ಳಿ."

"ಮುಚ್ಕೋತೀನಿ."

"ನಂಬಲ್ಲ."

"ಮೇಡಂ, ಕಿವಿ ಕಿತ್ತು ಕೈಯಲ್ಲಿ ಕೊಡ್ಲಾ?"

"ಕೊಟ್ರೆ ಬೇಡ ಅನ್ನಲ್ಲ."

ಒಂದು ಗಳಿಗೆ ಯೋಚಿಸಿ ಅವಳು ಚುಕ್ಕಿ ಮೆಷಿನ್ ಹತ್ತಿರ ಹೋದಳು. ಅದಕ್ಕೆ ಟೆಸ್ಟ್ ಬಟನ್ ಅಂತ ಇದೆ, ಕಂಪ್ಯೂಟರ್ ಇಲ್ಲದೆಯೂ ಖಾಲಿ ಹಾಳೆಗೆ ಚುಕ್ಕಿ ಕುಟ್ಟಿಕೊಂಡು ಹೋಗುತ್ತದೆ. ಒತ್ತಿದಳು. ದೇವರೇ, ಆ ಸದ್ದು! ಹತ್ತು ಜನ ತಗಡಿನ ಮಾಡಿನ ಮೇಲೆ ಕಲ್ಲು ತೂರಿದ ಹಾಗೆ. ಕಿಟಕಿಯ ಗಾಜು, ಟೇಬಲ್ಲಿನ ಪೆನ್ನು, ನನ್ನ ದವಡೆ ಎಲ್ಲ ಅದುರತೊಡಗಿದವು. ಪಾಲಿಸಿ ಸಾಹೇಬರು ಆ ಮೂಲೆಯಲ್ಲಿ ನಿಂತು ಏನೋ ಕಿರುಚುತ್ತಿದ್ದರು, ಬಾಯಿ ಮಾತ್ರ ಕಾಣುತ್ತಿತ್ತು. ದೊಡ್ಡಮ್ಮ ನನ್ನ ಕಿವಿಯನ್ನು ಬಾಯಿಗೆ ಎಳೆದುಕೊಂಡು ಒಂದೊಂದೇ ಗುಂಪಿನ ನಂಬರು ಹೇಳಿದಳು. ನಾನು ಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದೆ. ಒಂದು ಬಾಣದ ತಲೆ, ಒಂದು ಪ್ರಶ್ನೆ ಚಿಹ್ನೆ, ಎರಡು ಅಕ್ಷರ. ಚುಕ್ಕಿ ಎಣಿಸಿದೆ: ಸರಿಯಾಗಿ ಹದಿಮೂರು!

ಯಾವ ಪದ ಅಂತಲೂ ಹೇಳಿದಳು, ತಪ್ಪು ಹುಡುಕಬಾರದು ಅಂತ. ಇಲ್ಲಿ ಬರೆಯುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ನಾಲ್ಕು ವರ್ಷದ ಹಿಂದೆ, ನಾನೂರು ಫೈಲು ಕಳೆದುಕೊಂಡ ವಾರದಲ್ಲಿ ಇಟ್ಟ ಪದ. ಅದು ಪಾಲಿಸಿ ಸಾಹೇಬರ ಕುರಿತೇ ಇತ್ತು, ಮತ್ತು ಹೊಗಳಿಕೆಯಾಗಿರಲಿಲ್ಲ.

ಮೆಷಿನ್ ನಿಲ್ಲಿಸಿದಳು. ಕಿವಿಯೊಳಗೆ ಇನ್ನೂ ಕುಟ್ಟುತ್ತಿತ್ತು.

"ಸಾಹೇಬ್ರೆ, ಬನ್ನಿ. ನಿಮ್ಮ ಅರ್ಧ."

"ಮೇಡಂ, ಇದು ಕೊನೇದು. ತಪ್ಪಾದ್ರೆ..."

"ನನಗೆ ಎಣಿಸೋಕೆ ಬರುತ್ತೆ."

ಅವರು ಒತ್ತಿದರು, ಎಂಟು. ಈ ಸಲ ಅವರ ಬೆರಳು ಒಂದೊಂದು ಕೀ ಮೇಲೂ ನಿಂತು ನಿಂತು ಹೋಯಿತು. ಆಮೇಲೆ ದೊಡ್ಡಮ್ಮ. ನಾನು ಅವಳ ತೋರುಬೆರಳನ್ನು ಹಿಡಿದು ಕೀ ತೋರಿಸಿದೆ, ಒತ್ತಿದ್ದು ಅವಳೇ. ಬಾಣಕ್ಕೆ ಶಿಫ್ಟ್ ಹಿಡಿಯಬೇಕು, ಹಿಡಿದಳು. ಪ್ರಶ್ನೆ ಚಿಹ್ನೆಗೂ ಹಿಡಿದಳು. ಅವರ ಎಂಟು, ಅವಳ ನಾಲ್ಕು, ಒಟ್ಟು ಹನ್ನೆರಡು ನಕ್ಷತ್ರ. "ಹನ್ನೆರಡು," ಅಂತ ಪಿಸುಗುಟ್ಟಿದೆ. ಅವಳು ಎಂಟರ್ ಕೀಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿದಳು. ಆಮೇಲೆ ಹೊಡೆದಳು.

ಸ್ಕ್ರೀನ್ ಪೂರ್ತಿ ಕಪ್ಪಾಯಿತು.

"ಓದೇ!"

"ಏನೂ ಇಲ್ಲ ದೊಡ್ಡಮ್ಮ, ಕಪ್ಪು..." ಅಷ್ಟರಲ್ಲಿ ಬಿಳಿ ಗೆರೆಗಳು ಒಂದರ ಮೇಲೊಂದು ಓಡಿ ಬಂದವು. "ರಿಕವರಿ! ರಿಕವರಿ ಮೋಡ್ ಅಂತಿದೆ! ಹಿಂದಿನ ಅಪ್‌ಡೇಟ್ ರದ್ದು ಮಾಡಬೇಕೆ ಅಂತ ಕೇಳ್ತಿದೆ!"

ನಾನು ಕುಣಿಯುತ್ತಿದ್ದೆ, ನಾಚಿಕೆಯೇ ಇಲ್ಲದೆ. ದೊಡ್ಡಮ್ಮ ಕೈ ಕಟ್ಟಿ ಕೂತು, "ಹೌದು ಅನ್ನು. ಕುಣಿತ ಮನೇಲಿ" ಅಂದಳು.

ರದ್ದಾಗಲು ಎರಡು ಗಂಟೆ ತೆಗೆದುಕೊಂಡಿತು. ಮೂರೂವರೆಗೆ ಕಂಪ್ಯೂಟರ್ ಮುಂಬಾಗಿಲಿಂದಲೇ ಎದ್ದಿತು, ಎದ್ದದ್ದೇ ಅವಳಿಗೆ ನಮಸ್ಕಾರ ಹೇಳಿ ಮಾತಾಡಿತು. ಪಾಲಿಸಿ ಸಾಹೇಬರು ಜೇಬಿನಿಂದ ಫಾರಂ ತೆಗೆದರು. "ಟಿಕೆಟ್ ಕ್ಲೋಸ್ ಮಾಡ್ಬೇಕು ಮೇಡಂ, ಇಲ್ಲೊಂದು ಸೈನ್. ನಾಲ್ಕು ಗಂಟೆ ಬಸ್ಸಿದೆ ನಂಗೆ."

"ಟಿಕೆಟ್ ಇದ್ಯಾ? ಸತ್ತ ಮೆಷಿನ್ನು ಯಾವಾಗ ಅರ್ಜಿ ಬರೀತು?"

"ನಾನೇ ಹಾಕ್ದೆ. ಸೈನ್ ಹಾಕಿ."

"ಚಿತ್ರಗಳೆಲ್ಲ ಸರಿ ಇದ್ಯಾ ಅಂತ ನೋಡ್ದೆ ಹಾಕಲ್ಲ. ನಿಮ್ಮ ಮೆಷಿನ್ ಇದೆ ಅಂದ್ರೆ ಇದೆ ಅಂತ ನಂಬೋಕೆ ನಾನೇನು ಡೈರೆಕ್ಟರಾ? ಒಂದೊಂದೂ ಹಾಳೆ ಮೇಲೆ ಬರಬೇಕು, ಬೆರಳಿಗೆ ಸಿಗಬೇಕು."

"ಎಷ್ಟಿದೆ?"

"ಇನ್ನೂರ ಹದಿನಾಲ್ಕು. ಸೈನ್ ಆಗೋವರೆಗೂ ಇಬ್ರೂ ರೂಮಲ್ಲೇ ಇರ್ಬೇಕಲ್ವಾ? ಪಾಲಿಸಿ."

ಅವರು ಕುರ್ಚಿಯಲ್ಲಿ ಕುಸಿದು ಕೂತ ಸದ್ದು ಕೇಳಿ ದೊಡ್ಡಮ್ಮನ ಬಾಯಂಚು ಸ್ವಲ್ಪ ಅಲುಗಿತು. ಆ ದಿನ ಅವಳು ನಕ್ಕದ್ದು ಅಷ್ಟೇ.

ಚುಕ್ಕಿ ಮೆಷಿನ್ ಕುಟ್ಟಲು ಶುರು ಮಾಡಿತು. ಹಾಳೆ ಬಂದ ಹಾಗೆ ನಾನು ಹರಿದು ಕೊಡುತ್ತಿದ್ದೆ, ಅವಳು ಬೆರಳಾಡಿಸಿ ಎಡಕ್ಕಿಡುತ್ತಿದ್ದಳು. ಎಪ್ಪತ್ತಕ್ಕೆ ನನ್ನ ಕೈ ಸೋತಿತು. "ನೀವೇನು ಬೊಂಬೆ ಥರ ಕೂತಿದೀರ? ಹಾಳೆ ಹಿಡೀರಿ," ಅಂದಳು. ಪಾಲಿಸಿ ಸಾಹೇಬರು ತೋಳಿನ ಗುಂಡಿ ಬಿಚ್ಚಿ ಬಂದು ಹಿಡಿದರು. ನೂರ ಮೂವತ್ತೇಳನೆಯ ಚಿತ್ರದಲ್ಲಿ ಅವಳ ಬೆರಳು ನಿಂತಿತು. "ಇಲ್ಲಿ ಒಂದು ಚುಕ್ಕಿ ಇಲ್ಲ. ವೃತ್ತ ಹರಿದಿದೆ. ನೋಡಿದ್ರಾ ನಿಮ್ಮ ರಿಕವರಿ ಚಂದ?"

ಅವರು ಹೋಗಿ ಫೈಲಿನ ತಾರೀಖು ನೋಡಿದರು. "ಇದು ಬದಲಾಗೇ ಇಲ್ಲ ಮೇಡಂ. ಎಂಟು ತಿಂಗಳ ಹಿಂದೆ ನೀವು ಸೇವ್ ಮಾಡಿದ್ದು ಹೀಗೇ ಇದೆ. ಈ ತಪ್ಪು ನನ್ನದಲ್ಲ."

ದೊಡ್ಡಮ್ಮ ಎದ್ದಳು. ಕೀಬೋರ್ಡಿಗೆ ಹೋಗಿ ಚುಕ್ಕಿ ಸೇರಿಸಿ ಮತ್ತೆ ಹೊಡೆಸಿದಳು. ಒಂದೇ ದಿನದಲ್ಲಿ ಎರಡು ಸಲ "ನನ್ನ ತಪ್ಪು" ಅನ್ನುವಷ್ಟು ಅವಳ ಹತ್ತಿರ ಸ್ಟಾಕ್ ಇರಲಿಲ್ಲ.

ಕೊನೆಯ ಹಾಳೆ ಮುಗಿದಾಗ ಏಳೂಕಾಲು. ಅವಳು ಫಾರಂಗೆ ಸೈನ್ ಹಾಕಿದಳು. ಪಾಲಿಸಿ ಸಾಹೇಬರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಸೋಮವಾರ ಬಂದು ಪಾಸ್‌ವರ್ಡ್ ಬದಲಾಯಿಸ್ಬೇಕು. ನಿಮ್ಮ ಅರ್ಧ ಈ ಹುಡುಗಿಗೆ ಗೊತ್ತಾಗಿದೆ, ಸೆಕ್ಯುರಿಟಿ ಹೋಯ್ತು" ಅಂದರು.

"ಬದಲಾಯಿಸ್ತೀನಿ. ಹೊಸ ಪದಾನೂ ಯೋಚಿಸಿ ಇಟ್ಟಿದೀನಿ. ಇದಕ್ಕಿಂತ ಉದ್ದ ಇದೆ."

ಅವರು ಹೋದ ಮೇಲೆ ನಾವಿಬ್ಬರೂ ಚಿತ್ರಗಳನ್ನು ಎರಡು ಪೆಟ್ಟಿಗೆಗೆ ತುಂಬಿ ಹಗ್ಗ ಕಟ್ಟಿದೆವು. ಅವಳು ಅಲ್ಲೇ ನಿಂತು ಹೆಡ್‌ಮಾಸ್ಟರಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಚಿತ್ರ ಎಲ್ಲ ರೆಡಿ ಆಯ್ತು. ಪಾಠದ ಹಾಳೆ ನಾಳೆ ಹೊಡೀತೀನಿ. ಸೋಮವಾರ ಎಂಟೂವರೆಗೆ ನಿಮ್ಮ ಟೇಬಲ್ ಮೇಲೆ."

"ಬಹಳ ಸಂತೋಷ ಮೇಡಂ. ಆದ್ರೆ ಒಂದು ವಿಷ್ಯ. ಹನ್ನೊಂದ್ರಲ್ಲಿ ನಾಲ್ಕು ಮಕ್ಕಳು ಸ್ವಲ್ಪ ವೀಕು. ಅವರಿಗಾದ್ರೂ ವಿನಾಯಿತಿ ಕೊಟ್ಬಿಟ್ರೆ ರಿಸಲ್ಟ್ ಚೆನ್ನಾಗಿ..."

"ಉಳಿದ ಹತ್ತು ಪ್ರತೀನೂ ಹೊಡೀತೀನಿ, ಹನ್ನೊಂದಕ್ಕೂ ಪುಸ್ತಕ ಬರುತ್ತೆ. ಹನ್ನೊಂದೂ ಬರೀತಾರೆ. ಒಂದು ಮಗು ಫೇಲಾದ್ರೆ ಅದು ಓದಿ ಫೇಲಾಗ್ಲಿ. ಒಂದೇ ಒಂದು ಫಾರಂಗೆ ಸೈನ್ ಬಿತ್ತು ಅಂತ ಗೊತ್ತಾದ್ರೆ, ದಿನಾ ಬೆಳಿಗ್ಗೆ ಬಂದು ನಿಮ್ಮ ಆಫೀಸಲ್ಲಿ ಕೂತ್ಕೋತೀನಿ. ನಂಗೆ ರಜೆ ಬಹಳ ಉಳಿದಿದೆ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಮೇಡಂ, ನೀವು ನನ್ನ ಹೆದರಿಸ್ತಿದೀರಾ?"

"ಹೌದು," ಅಂದು ದೊಡ್ಡಮ್ಮ ಫೋನ್ ಇಟ್ಟಳು.